ಮಂತ್ರದಿಂದ ಯುಕ್ತಿಗೆ: ಆಯುರ್ವೇದದ ಹುಟ್ಟು ಮತ್ತು ತತ್ತ್ವಗಳು

ನೆಗಡಿಯಾದಾಗ ಮನೆಯ ಹಿರಿಯರು ಶುಂಠಿ, ಮೆಣಸು ಹಾಕಿ ಕಷಾಯ ಕಾಯಿಸಿ ಕೊಡುತ್ತಾರೆ. ಪರಂಗಿಹಣ್ಣು ಉಷ್ಣ, ಸೌತೆಕಾಯಿ ಶೀತ ಎಂದು ಎಚ್ಚರಿಸುತ್ತಾರೆ. ಒಬ್ಬನದು ವಾತದ ಮೈ, ಇನ್ನೊಬ್ಬನದು ಪಿತ್ತದ ಮೈ ಎಂದು ನಿರ್ಣಯಿಸುತ್ತಾರೆ. ಇಂಥ ಮಾತುಗಳನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಅದೇ ಮನೆಯ ವಿದ್ಯಾರ್ಥಿಯು ಕಾಲೇಜಿನ ಪ್ರಯೋಗಶಾಲೆಗೆ ಬಂದಾಗ ಉಷ್ಣವೆಂಬುದು ಜೂಲ್‌ಗಳಲ್ಲಿ ಅಳೆಯತಕ್ಕ ಶಕ್ತಿಯ ಒಂದು ರೂಪವೆಂದು ಕಲಿಯುತ್ತಾನೆ. ಪದ ಒಂದೇ, ಅರ್ಥಗಳು ಎರಡು. ಈ ಇಕ್ಕಟ್ಟಿನಲ್ಲಿ ಕೆಲವರು ಹಿರಿಯರ ಮಾತನ್ನು ನಕ್ಕು ತಳ್ಳಿಬಿಡುತ್ತಾರೆ. ಮತ್ತೆ ಕೆಲವರು ಆಧುನಿಕ ವಿಜ್ಞಾನವೆಲ್ಲವೂ ಪ್ರಾಚೀನ ಗ್ರಂಥಗಳಲ್ಲಿ ಮೊದಲೇ ಇದ್ದಿತೆಂದು ಸಾಧಿಸಹೊರಡುತ್ತಾರೆ. ಎರಡು ನಿಲುವುಗಳಲ್ಲಿಯೂ ವಿಚಾರದ ಶ್ರಮವಿಲ್ಲ. ಆಯುರ್ವೇದದ ಆಚಾರ್ಯರು ಹೇಳಿದ್ದೇನು, ಅದನ್ನು ಅವರು ಅರಿತದ್ದು ಹೇಗೆ, ಅದರಲ್ಲಿ ಪರೀಕ್ಷೆಗೆ ನಿಂತದ್ದೆಷ್ಟು ಎಂಬ ಮೂರು ಪ್ರಶ್ನೆಗಳನ್ನು ನಾವು ಈ ಲೇಖನದಲ್ಲಿ ಕ್ರಮವಾಗಿ ಪರಿಶೀಲಿಸೋಣ.

ಶಾಸ್ತ್ರದ ಹುಟ್ಟು

ಅಥರ್ವವೇದದಲ್ಲಿ ಜ್ವರವನ್ನೂ ಇತರ ವ್ಯಾಧಿಗಳನ್ನೂ ಓಡಿಸುವ ಮಂತ್ರಗಳಿವೆ. ಅವುಗಳ ಜೊತೆಯಲ್ಲಿಯೇ ಗಿಡಮೂಲಿಕೆಗಳ ಸ್ತುತಿಯೂ ಇದೆ. ಅಲ್ಲಿ ರೋಗವೆಂದರೆ ಬಹುಮಟ್ಟಿಗೆ ಹೊರಗಿನಿಂದ ಬಂದು ಹಿಡಿಯುವ ಒಂದು ದುಷ್ಟಶಕ್ತಿ. ಇದರಿಂದ ಚರಕಸಂಹಿತೆಗೆ ಬಂದರೆ ನಾವು ಬೇರೊಂದು ಲೋಕವನ್ನು ಪ್ರವೇಶಿಸಿದಂತಾಗುತ್ತದೆ. ಬ್ರಹ್ಮನಿಂದ ಇಂದ್ರನವರೆಗೆ ಇಳಿದು ಬಂದ ವಿದ್ಯೆಯನ್ನು ಭರದ್ವಾಜನು ಪಡೆದು ಋಷಿಗಳಿಗೆ ತಿಳಿಸಿದನೆಂಬ ಪೌರಾಣಿಕ ಪೀಠಿಕೆ ಈ ಗ್ರಂಥದಲ್ಲಿಯೂ ಇರುವುದು ನಿಜ. ಆದರೆ ಆತ್ರೇಯನು ತನ್ನ ಶಿಷ್ಯರಿಗೆ ಬೋಧಿಸತೊಡಗಿದ ಮೇಲೆ ಆಹಾರ, ವಿಹಾರ, ಋತು, ದೇಶ, ದೇಹಸ್ಥಿತಿ ಇವುಗಳೇ ಚರ್ಚೆಯ ವಿಷಯಗಳಾಗುತ್ತವೆ. ಮಂತ್ರ ಮತ್ತು ಹೋಮಗಳನ್ನು ಆಶ್ರಯಿಸಿದ ಚಿಕಿತ್ಸೆಯನ್ನು ಗ್ರಂಥವು ಕೈಬಿಡುವುದಿಲ್ಲ. ಅದನ್ನು ದೈವವ್ಯಪಾಶ್ರಯವೆಂದು ಕರೆದು ಒಂದು ಬದಿಗೆ ಇರಿಸುತ್ತದೆ. ಯುಕ್ತಿಯನ್ನು ಆಶ್ರಯಿಸಿದ ಯುಕ್ತಿವ್ಯಪಾಶ್ರಯವೇ ಗ್ರಂಥದ ಬಹುಭಾಗವನ್ನು ತುಂಬಿದೆ.

ಆತ್ರೇಯನ ಶಿಷ್ಯನಾದ ಅಗ್ನಿವೇಶನು ರಚಿಸಿದ ತಂತ್ರವನ್ನು ಚರಕನು ಸಂಸ್ಕರಿಸಿದನು. ಕಾಲಾಂತರದಲ್ಲಿ ಲೋಪವಾಗಿದ್ದ ಭಾಗಗಳನ್ನು ದೃಢಬಲನು ತುಂಬಿದನು. ಹೀಗೆ ಮೂರು ಕೈಗಳನ್ನು ದಾಟಿ ಬಂದ ಈ ಸಂಹಿತೆಯಲ್ಲಿ 8 ಸ್ಥಾನಗಳೂ 120 ಅಧ್ಯಾಯಗಳೂ ಇವೆ. ಶಸ್ತ್ರಚಿಕಿತ್ಸೆಗೆ ಪ್ರಾಧಾನ್ಯವಿತ್ತ ಸುಶ್ರುತಸಂಹಿತೆಯು ಕಾಶಿಯ ದಿವೋದಾಸ ಧನ್ವಂತರಿಯ ಉಪದೇಶವೆಂದು ಪ್ರತೀತಿ. ಇವೆರಡೂ ಕ್ರಿಸ್ತಶಕದ ಆರಂಭಕ್ಕೆ ಹಿಂದು ಮುಂದಿನ ಕೆಲವು ಶತಮಾನಗಳಲ್ಲಿ ರೂಪುಗೊಂಡುವೆಂದು ಪಂಡಿತರ ಅಂದಾಜು. ತರುವಾಯ ವಾಗ್ಭಟನು ಇವುಗಳ ಸಾರವನ್ನು ಅಷ್ಟಾಂಗಹೃದಯದಲ್ಲಿ ಅಡಕಗೊಳಿಸಿದನು. ಕನ್ನಡವೂ ಈ ವಿದ್ಯೆಗೆ ಹೊರತಾಗಲಿಲ್ಲ. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ಕನ್ನಡದಲ್ಲಿ ರಚಿಸಿದನು. 14ನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡು ಖಗೇಂದ್ರಮಣಿದರ್ಪಣವನ್ನು ಬರೆದನು. ಮೈಸೂರಿನಲ್ಲಿ 1908ರಲ್ಲಿಯೇ ಆಯುರ್ವೇದ ಪಾಠಶಾಲೆ ಸ್ಥಾಪಿತವಾಯಿತು.

ಮೂರು ದೋಷಗಳು, ಏಳು ಧಾತುಗಳು

ಪೃಥ್ವಿ, ಅಪ್, ತೇಜಸ್, ವಾಯು, ಆಕಾಶ ಎಂಬ ಪಂಚಭೂತಗಳಿಂದ ಜಗತ್ತು ಆಗಿದೆ. ನಮ್ಮ ದೇಹವೂ ಅವುಗಳಿಂದಲೇ ಆಗಿದೆ. ನಾವು ಉಣ್ಣುವ ಆಹಾರವೂ ಅವುಗಳದೇ. ಇದು ಶಾಸ್ತ್ರದ ಮೊದಲ ಮೆಟ್ಟಿಲು. ದೇಹದಲ್ಲಿ ಇವು ವಾತ, ಪಿತ್ತ, ಕಫ ಎಂಬ ಮೂರು ದೋಷಗಳಾಗಿ ಕೆಲಸ ಮಾಡುತ್ತವೆ. ಚಲನೆಯೆಲ್ಲವೂ ವಾತದ ಕಾರ್ಯ. ಪಚನ ಮತ್ತು ದೇಹದ ಬಿಸಿ ಪಿತ್ತದ ಕಾರ್ಯ. ಸ್ನಿಗ್ಧತೆ, ಸ್ಥಿರತೆ, ಪುಷ್ಟಿಗಳು ಕಫದ ಕಾರ್ಯ. ಉಂಡ ಅನ್ನವು ಜಠರಾಗ್ನಿಯಲ್ಲಿ ಪಕ್ವವಾಗಿ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳಾಗಿ ಒಂದರಿಂದೊಂದು ಪರಿಣಮಿಸುತ್ತದೆ. ದೋಷಗಳು ಸಮವಾಗಿದ್ದರೆ ಆರೋಗ್ಯ, ಏರುಪೇರಾದರೆ ರೋಗ.

ಚಿಕಿತ್ಸೆಯ ಸೂತ್ರವು ಇದರಿಂದ ಸಹಜವಾಗಿ ಹೊರಡುತ್ತದೆ. ಸಮಾನವಾದದ್ದು ಸಮಾನವನ್ನು ಹೆಚ್ಚಿಸುತ್ತದೆ, ವಿರುದ್ಧವಾದದ್ದು ತಗ್ಗಿಸುತ್ತದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳಲ್ಲಿ ಮೊದಲಿನ ಮೂರು ಕಫವನ್ನು ಹೆಚ್ಚಿಸುತ್ತವೆ, ಉಳಿದ ಮೂರು ತಗ್ಗಿಸುತ್ತವೆ ಎಂಬುದು ಶಾಸ್ತ್ರದ ಲೆಕ್ಕ. ಕಫದ ನೆಗಡಿಗೆ ಖಾರವಾದ ಶುಂಠಿ ಮೆಣಸುಗಳನ್ನು ಆರಿಸಿದ್ದರ ಹಿಂದೆ ಇರುವುದು ಈ ನಿಯಮವೇ. ಒಂದೇ ರೋಗಕ್ಕೆ ಇಬ್ಬರಿಗೆ ಬೇರೆ ಬೇರೆ ಪಥ್ಯವನ್ನು ವೈದ್ಯನು ಹೇಳುವುದೂ ಅವರ ಪ್ರಕೃತಿಗಳು ಬೇರೆ ಎಂಬ ಕಾರಣದಿಂದ.

ಈ ವ್ಯವಸ್ಥೆಯಲ್ಲಿ ಒಂದು ತರ್ಕಬದ್ಧತೆ ಇರುವುದನ್ನು ವಾಚಕರು ಗಮನಿಸಿರಬಹುದು. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಒಂದು ಕೊರತೆಯನ್ನೂ ಕಾಣದಿರಲಾರನು. ವಾತವು ಎಷ್ಟು ಹೆಚ್ಚಿದೆಯೆಂದು ಹೇಳಲು ಒಂದು ಮಾನವಿಲ್ಲ. ಇಬ್ಬರು ವೈದ್ಯರು ಭಿನ್ನವಾಗಿ ನಿರ್ಣಯಿಸಿದರೆ ಯಾರು ಸರಿಯೆಂದು ತೀರ್ಮಾನಿಸುವ ಉಪಕರಣವಿಲ್ಲ. ಚಿಕಿತ್ಸೆ ಫಲಿಸದಿದ್ದಾಗ ತತ್ತ್ವವೇ ತಪ್ಪಿರಬಹುದೇ ಎಂದು ಕೇಳುವ ಸಂದರ್ಭವೂ ಹೀಗಾಗಿ ಒದಗುವುದಿಲ್ಲ.

ಅರಿವಿನ ಮಾರ್ಗಗಳು

ಹಾಗೆಂದು ಆ ಆಚಾರ್ಯರು ಕಣ್ಣು ಮುಚ್ಚಿ ನಂಬಿದವರಲ್ಲ. ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪರೀಕ್ಷೆಗಳನ್ನು ಹೇಳುತ್ತದೆ. ನೀರು, ಉಳುಮೆ, ಬೀಜ, ಋತು ಇವು ಕೂಡಿದಾಗ ಬೆಳೆ ಬರುವುದೆಂಬ ಅರಿವನ್ನು ಯುಕ್ತಿಗೆ ನಿದರ್ಶನವಾಗಿ ಕೊಡಲಾಗಿದೆ. ಎಂದರೆ, ಅನೇಕ ಕಾರಣಗಳು ಸೇರಿ ಒಂದು ಕಾರ್ಯವಾಗುವುದನ್ನು ಕಾಣುವ ಬುದ್ಧಿಯೇ ಯುಕ್ತಿ. ವೈದ್ಯರು ಪರಸ್ಪರ ವಾದ ಮಾಡಬೇಕಾದ ರೀತಿಗೂ ಅಲ್ಲಿ ವಿಸ್ತಾರವಾದ ನಿಯಮಗಳಿವೆ. ಮನುಷ್ಯನೂ ಅವನ ರೋಗಗಳೂ ಯಾವುದರಿಂದ ಹುಟ್ಟಿದುವೆಂಬ ಪ್ರಶ್ನೆಗೆ ಋಷಿಗಳು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟು ವಾದಿಸಿದುದನ್ನು ಗ್ರಂಥವು ಮರೆಮಾಚದೆ ದಾಖಲಿಸಿದೆ.

ಸುಶ್ರುತನು ಪ್ರತ್ಯಕ್ಷಕ್ಕೆ ಇನ್ನೂ ಹೆಚ್ಚಿನ ಮಹತ್ತ್ವವನ್ನಿತ್ತನು. ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ, ಬಳಿಕ ಹುಲ್ಲಿನ ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲಾಗಿ ಒಂದೊಂದು ಪದರವನ್ನೂ ಕಣ್ಣಾರೆ ನೋಡಿ ತಿಳಿಯಬೇಕೆಂದು ಅವನ ವಿಧಿ. ಅವನ ಗ್ರಂಥದಲ್ಲಿ 101 ಯಂತ್ರಗಳೂ 20 ಶಸ್ತ್ರಗಳೂ ವರ್ಣಿತವಾಗಿವೆ. ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ರೂಪಿಸುವ ಕ್ರಮವೂ ಇದೆ. ಈ ಕಲೆಯ ಒಂದು ಕವಲು ಕೈಯಿಂದ ಕೈಗೆ ಬಹುಕಾಲ ಉಳಿದಿದ್ದಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಕಡೆಯ ಒಬ್ಬ ಕುಶಲಿಯು ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ವಿಧಾನವನ್ನು ಲಂಡನ್ನಿನಲ್ಲಿ ಪ್ರಯೋಗಿಸಿ ಯಶಸ್ವಿಯಾದನು.

ದುರದೃಷ್ಟವಶಾತ್, ಶವಚ್ಛೇದನದ ಅಭ್ಯಾಸವು ನಮ್ಮ ಪಾಠಶಾಲೆಗಳಲ್ಲಿ ನಿಂತುಹೋಯಿತು. ವಿದ್ಯಾರ್ಥಿಗಳು ದೇಹವನ್ನು ಶ್ಲೋಕಗಳ ಮೂಲಕವೇ ಕಲಿತರು. ಯುರೋಪಿನಲ್ಲಿ ವೆಸಾಲಿಯಸನು 1543ರಲ್ಲಿ ಅಂಗರಚನೆಯನ್ನು ಹೊಸದಾಗಿ ಚಿತ್ರಿಸಿದನು. ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯನ್ನು ಸಾಧಿಸಿ ತೋರಿಸಿದನು. ನಮ್ಮಲ್ಲಿಯಂತೆ ಅಲ್ಲಿಯೂ ದೇಹರಸಗಳ ಏರುಪೇರಿನಿಂದಲೇ ರೋಗವನ್ನು ವಿವರಿಸುವ ಹಳೆಯ ವಾದವಿದ್ದಿತು. ಇಂಥ ಪ್ರತ್ಯಕ್ಷ ಶೋಧನೆಗಳಿಂದ ಅದು ಕ್ರಮೇಣ ಬಿದ್ದುಹೋಯಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಶವಚ್ಛೇದನ ನಡೆಸಿ ಹೆಸರಾದ ಮಧುಸೂದನ ಗುಪ್ತರು ಆಯುರ್ವೇದದಲ್ಲಿಯೇ ಪಳಗಿದ ಪಂಡಿತರಾಗಿದ್ದರೆಂಬುದು ಸ್ಮರಣೀಯ.

ಬಾವಂಚಿ ಬೀಜ ಮತ್ತು ಬಿಸಿಲು

ಪರೀಕ್ಷೆಗೆ ನಿಂತದ್ದೆಷ್ಟು ಎಂಬ ಮೂರನೆಯ ಪ್ರಶ್ನೆಗೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಚರ್ಮದ ಮೇಲೆ ಬಿಳಿಯ ಮಚ್ಚೆಗಳೇಳುವ ತೊನ್ನನ್ನು ಸಂಸ್ಕೃತದಲ್ಲಿ ಶ್ವಿತ್ರವೆನ್ನುತ್ತಾರೆ. ಇದಕ್ಕೆ ಬಾಕುಚಿ, ಎಂದರೆ ನಮ್ಮ ಬಾವಂಚಿಯ ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿಗೆ ಒಡ್ಡುವ ಪದ್ಧತಿಯು ವೈದ್ಯರಲ್ಲಿ ಬಹುಕಾಲದಿಂದ ಇದೆ. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ರಸಾಯನಜ್ಞರು ಈ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

ಬೀಜಕ್ಕೂ ಬಿಸಿಲಿಗೂ ಏನು ಸಂಬಂಧ? ಸೂರ್ಯಪ್ರಕಾಶದಲ್ಲಿ ಕಣ್ಣಿಗೆ ಕಾಣುವ ನೇರಿಳೆಯಿಂದಾಚೆಗೆ, 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಅತಿನೇರಿಳೆ ಕಿರಣಗಳಿವೆ. ಇವುಗಳ ಒಂದೊಂದು ಫೋಟಾನಿನ ಶಕ್ತಿ ಸುಮಾರು 3.1ರಿಂದ 3.9 ಎಲೆಕ್ಟ್ರಾನ್ ವೋಲ್ಟ್. ಸೊರಾಲೆನ್ ಅಣುವು ಚಪ್ಪಟೆಯಾಗಿರುವುದರಿಂದ ಜೀವಕೋಶದ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕುಳಿತುಕೊಳ್ಳಬಲ್ಲದು. ಕತ್ತಲಲ್ಲಿ ಅದು ಅಲ್ಲಿ ಸುಮ್ಮನಿರುತ್ತದೆ. ತಕ್ಕ ಫೋಟಾನ್ ಬಡಿದಾಗ ಮಾತ್ರ ಉದ್ರಿಕ್ತವಾಗಿ ಪಕ್ಕದ ಮೆಟ್ಟಿಲಿಗೆ ಬೆಸೆದುಕೊಳ್ಳುತ್ತದೆ. ಎರಡನೆಯ ಫೋಟಾನಿನಿಂದ ಏಣಿಯ ಎರಡು ಕಂಬಗಳನ್ನೂ ಒಟ್ಟಿಗೆ ಬಿಗಿಯಬಲ್ಲದು. ಹೀಗೆ ಔಷಧ ಮತ್ತು ಕಿರಣಗಳ ಜೊತೆಗಾರಿಕೆಯಿಂದ ಚರ್ಮದಲ್ಲಿ ವರ್ಣಕೋಶಗಳು ಪ್ರಚೋದಿತವಾಗಿ ಮಚ್ಚೆಗಳಲ್ಲಿ ಬಣ್ಣ ಮರಳುವುದುಂಟು. ಈಜಿಪ್ಟಿನಲ್ಲಿಯೂ ಬೇರೊಂದು ಗಿಡದ ಬೀಜದಿಂದ ಇದೇ ಬಳಗದ ವಸ್ತು ದೊರೆತು, 1940ರ ದಶಕದಲ್ಲಿ ಅಲ್ಲಿನ ವೈದ್ಯರು ಅದನ್ನು ಬಳಸಿದರು. ಅದೇ ವಸ್ತುವನ್ನು ಅಳತೆಮಾಡಿದ ಅತಿನೇರಿಳೆ ದೀಪದೊಡನೆ ಕೂಡಿಸಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಚಿಕಿತ್ಸೆ ನೀಡಿದ ವರದಿಯನ್ನು 1974ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇಂಥ ಚಿಕಿತ್ಸೆಯನ್ನು ಬಹುಕಾಲ ಪಡೆದವರನ್ನು ವರ್ಷಗಟ್ಟಲೆ ಪರಿಶೀಲಿಸಿದಾಗ ಅವರಲ್ಲಿ ಚರ್ಮದ ಕ್ಯಾನ್ಸರಿನ ಸಂಭವ ಹೆಚ್ಚೆಂದು ತಿಳಿದುಬಂದಿತು. ಡಿಎನ್‌ಎಯನ್ನು ಬೆಸೆಯುವ ಗುಣವೇ ಅಪಾಯಕ್ಕೂ ಮೂಲ. ಆದುದರಿಂದ ಇಂದು ವೈದ್ಯರು ತೊನ್ನಿಗೆ ಬಹುಮಟ್ಟಿಗೆ ಸೊರಾಲೆನ್ನಿನ ನೆರವಿಲ್ಲದ, 311 ನ್ಯಾನೊಮೀಟರಿನ ಆಸುಪಾಸಿನ ಕಿರಣಗಳನ್ನು ಬಳಸುತ್ತಾರೆ.

ಈ ಕಥೆಯಲ್ಲಿ ಪ್ರಾಚೀನರಿಗೆ ಸಲ್ಲಬೇಕಾದದ್ದು ಒಂದು ಸೂಕ್ಷ್ಮವಾದ ಅವಲೋಕನ: ಸಾವಿರಾರು ಗಿಡಗಳಲ್ಲಿ ಈ ಒಂದರ ಬೀಜವನ್ನೂ ಬಿಸಿಲನ್ನೂ ಕೂಡಿಸಿದ್ದು. ಬಾಕುಚಿಯು ಕಫವನ್ನು ಹರಿಸುವ ಕಹಿ ದ್ರವ್ಯವೆಂಬ ಅವರ ವಿವರಣೆಯಿಂದ ಮಾತ್ರ ಫೋಟಾನಿನ ಪಾತ್ರವನ್ನಾಗಲಿ ಕ್ಯಾನ್ಸರಿನ ಅಪಾಯವನ್ನಾಗಲಿ ಊಹಿಸಲು ಸಾಧ್ಯವಿರಲಿಲ್ಲ.

ತತ್ತ್ವ ಬೇರೆ, ಫಲ ಬೇರೆ

ಭೌತವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಹೋಲಿಕೆಯುಂಟು. 1824ರಲ್ಲಿ ಕಾರ್ನೊ ಎಂಬ ಫ್ರೆಂಚ್ ತರುಣನು ಉಷ್ಣವು ಕ್ಯಾಲೊರಿಕ್ ಎಂಬ ಒಂದು ದ್ರವವೆಂದು ಭಾವಿಸಿಯೇ ಉಷ್ಣಯಂತ್ರಗಳ ಕಾರ್ಯಕ್ಷಮತೆಯ ಮಿತಿಯನ್ನು ಕಂಡುಹಿಡಿದನು. 1840ರ ದಶಕದಲ್ಲಿ ಜೂಲನ ಪ್ರಯೋಗಗಳಿಂದ ಆ ದ್ರವದ ಕಲ್ಪನೆ ಬಿದ್ದುಹೋಯಿತು. ಕಾರ್ನೊವಿನ ಫಲಿತಾಂಶವು ಉಳಿದುಕೊಂಡು ಇಂದಿಗೂ ನಮ್ಮ ಪಠ್ಯಗಳಲ್ಲಿದೆ. ಕ್ಯಾಲೊರಿಕ್ ಬಿದ್ದುದರಿಂದ ಕಾರ್ನೊವಿನ ಗೌರವ ಕಡಿಮೆಯಾಗಲಿಲ್ಲ. ಅವನ ಗೌರವಕ್ಕಾಗಿ ಯಾರೂ ಕ್ಯಾಲೊರಿಕ್ಕನ್ನು ಉಳಿಸಿಕೊಳ್ಳಲೂ ಇಲ್ಲ. ತ್ರಿದೋಷಸಿದ್ಧಾಂತವನ್ನೂ ಆಯುರ್ವೇದದ ಔಷಧಗಳನ್ನೂ ಹೀಗೆಯೇ ಬೇರೆ ಬೇರೆಯಾಗಿ ತೂಗಿ ನೋಡುವುದು ನ್ಯಾಯ.

ತೂಗಿದಾಗ ಎರಡು ಬಗೆಯ ಫಲಗಳೂ ದೊರೆಯುತ್ತವೆ. ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ಇಳಿಸುವುದೆಂದು ಮುಂಬಯಿಯ ರುಸ್ತುಮ್ ಜಾಲ್ ವಕೀಲರು 1949ರಲ್ಲಿ ರೋಗಿಗಳ ಮೇಲಿನ ಪರೀಕ್ಷೆಯಿಂದ ತೋರಿಸಿದರು. 1952ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಇನ್ನೊಂದು ಕಡೆ, 2004ರಲ್ಲಿ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಗಿಡದಿಂದ ಬಂದದ್ದೆಲ್ಲವೂ ನಿರಪಾಯವೆಂದಾಗಲಿ, ಹಳೆಯದೆಲ್ಲವೂ ಅನುಭವಸಿದ್ಧವೆಂದಾಗಲಿ ಭಾವಿಸುವವನು ಇದರಿಂದ ಪ್ರಾಣಾಪಾಯಕ್ಕೆ ಗುರಿಯಾಗಬಹುದು. ಸಕ್ಕರೆ ಕಾಯಿಲೆಯವನು ಇನ್ಸುಲಿನ್ನನ್ನು ಬಿಟ್ಟು ಪರೀಕ್ಷೆಯಾಗದ ಪುಡಿಯನ್ನು ನಂಬಿದರೆ ಆಗುವ ನಷ್ಟವನ್ನು ಯಾವ ಅಭಿಮಾನವೂ ತುಂಬಿಕೊಡಲಾರದು.

ಆದುದರಿಂದ ಒಂದು ಔಷಧದ ವಿಷಯ ಬಂದಾಗ ನಮ್ಮ ವಿದ್ಯಾರ್ಥಿಗಳು, ಅದು ಯಾವ ಪದ್ಧತಿಯದೇ ಆಗಿರಲಿ, ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಅದರಲ್ಲಿರುವ ವಸ್ತು ಯಾವುದು, ಎಷ್ಟು? ಔಷಧವನ್ನು ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡಿದ್ದಾರೆಯೇ? ಅಪಾಯಗಳನ್ನು ಎಷ್ಟು ಕಾಲ ಗಮನಿಸಿದ್ದಾರೆ? ಈ ಪ್ರಶ್ನೆಗಳು ಆಯುರ್ವೇದಕ್ಕೆ ಅಪಚಾರವೆಂದು ಯಾರಾದರೂ ಹೇಳಿದರೆ, ನೀರಿನಲ್ಲಿ ಏಳು ರಾತ್ರಿ ಇರಿಸಿದ ಶವದ ಮುಂದೆ ಹುಲ್ಲಿನ ಕುಂಚವನ್ನು ಹಿಡಿದು ಕುಳಿತಿದ್ದ ಸುಶ್ರುತನ ಶಿಷ್ಯರನ್ನು ಅವರಿಗೆ ನೆನಪಿಸಬಹುದು. ನಮ್ಮ ಕಾಡುಗಳ ಮತ್ತು ಹಿತ್ತಿಲುಗಳ ಎಷ್ಟೋ ಗಿಡಗಳು ಇನ್ನೂ ಇಂಥ ಪರೀಕ್ಷೆಯನ್ನು ಕಾಯುತ್ತಿವೆ. ಆ ಕೆಲಸಕ್ಕೆ ಸಸ್ಯಶಾಸ್ತ್ರ, ರಸಾಯನ, ಭೌತವಿಜ್ಞಾನ, ಸಂಖ್ಯಾಶಾಸ್ತ್ರಗಳನ್ನು ಬಲ್ಲವರೂ ಸಂಸ್ಕೃತ ಮತ್ತು ಹಳಗನ್ನಡದ ವೈದ್ಯಗ್ರಂಥಗಳನ್ನು ಓದಬಲ್ಲವರೂ ಒಟ್ಟಿಗೆ ಬೇಕಾಗಿದ್ದಾರೆ.