ಸುರಾಹಿ ಮತ್ತು ಕಂಬಳಿ: ತೈಲವರ್ಣದಲ್ಲಿ ವಸ್ತುಚಿತ್ರ

ವಸ್ತುಚಿತ್ರವೆಂದರೆ ಮೇಜಿನ ಮೇಲಿಟ್ಟ ಹಣ್ಣು-ಹೂಜಿಗಳ ನಕಲು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ನಕಲೇ ಸಾಕಾದರೆ ಛಾಯಾಚಿತ್ರವಿದ್ದೇ ಇದೆ. ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಒಂದು ಜೊತೆ ಹಳೆಯ ಬೂಟುಗಳನ್ನು ಚಿತ್ರಿಸಿದನು. ಅಲ್ಲಿ ಮನುಷ್ಯನಿಲ್ಲ, ಆದರೂ ಅವನ್ನು ಮೆಟ್ಟಿ ದಣಿದವನೊಬ್ಬನು ನೋಡುವವರ ಮನಸ್ಸಿಗೆ ಬರುತ್ತಾನೆ. ಭಾವಪೂರ್ಣ ವಸ್ತುಚಿತ್ರವೆಂದು ನಾನು ಕರೆಯುವುದು ಇಂಥದನ್ನು.

ನಾನು ಆರಿಸಿಕೊಂಡ ವಸ್ತುಗಳು ಎರಡೇ. ಭಾಲ್ಕಿಯ ಮಿತ್ರನ ಮನೆಯಿಂದ ಕೇಳಿ ತಂದ ಬಿದರಿ ಸುರಾಹಿ. ಔರಾದಿನ ನಮ್ಮ ಮನೆಯ ಗೂಟದಲ್ಲಿ ತೂಗುತ್ತಿದ್ದ ಮುತ್ಯಾನ ಕರಿ ಕಂಬಳಿ. ಮುತ್ಯಾ ತೀರಿಕೊಂಡ ಮೇಲೆ ಅದನ್ನು ಯಾರೂ ಹೊದೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ.

ಎರಡೂ ಕಪ್ಪು, ಆದರೆ ಕಪ್ಪಿನಲ್ಲಿಯೂ ಜಾತಿಗಳುಂಟು. ಬಿದರಿ ಕುಶಲಕರ್ಮಿಗಳು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಕಲಸಿದ ದ್ರವದಿಂದ ಕಪ್ಪು ಏರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದು ತಣ್ಣನೆಯ ಕಪ್ಪು. ಕಂಬಳಿಯದು ನಮ್ಮ ಎರೆಹೊಲದ ಹಾಗೆ ಕಂದು ಬೆರೆತ, ಬೆಚ್ಚನೆಯ ಕಪ್ಪು. ಟ್ಯೂಬಿನ ಕಪ್ಪನ್ನೇ ಬಳಿದರೆ ಎರಡೂ ಒಂದಾಗಿ ಸತ್ತುಹೋಗುತ್ತವೆ. ಅಲ್ಟ್ರಾಮರೀನ್ ನೀಲಿಯನ್ನೂ ಬರ್ನ್ಟ್ ಅಂಬರ್ ಕಂದನ್ನೂ ಕೂಡಿಸಬೇಕು: ಸುರಾಹಿಗೆ ನೀಲಿ ಹೆಚ್ಚು, ಕಂಬಳಿಗೆ ಕಂದು ಹೆಚ್ಚು.

ಇನ್ನು ಎಣ್ಣೆಯ ಮಾತು. ತೈಲವರ್ಣವು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಈ ಗುಣವು ಅಗಸೆ ಎಣ್ಣೆಗಿದೆ, ಶೇಂಗಾ ಎಣ್ಣೆಗಿಲ್ಲ. ಕುಸುಬೆ ಎಣ್ಣೆಯೂ ನಿಧಾನವಾಗಿ ಒಣಗುತ್ತದೆ. ಹಳದಿಯಾಗುವುದು ಕಡಿಮೆಯಾದ್ದರಿಂದ ಬಿಳಿಬಣ್ಣಕ್ಕೆ ಸಲ್ಲುತ್ತದೆ. (ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುವ ನಮಗೆ ಚಿತ್ರಕಲೆ ಪರದೇಶದ್ದೆಂಬ ಸಂಕೋಚ ಬೇಕಿಲ್ಲ!) ಕೆಳಪದರದಲ್ಲಿ ಟರ್ಪೆಂಟೈನ್ ಬೆರೆಸಿ ಬಣ್ಣವನ್ನು ತೆಳುವಾಗಿಡಬೇಕು, ಮೇಲೇರಿದಂತೆ ಎಣ್ಣೆ ಹೆಚ್ಚಿಸಬೇಕು. ತಿರುಗುಮುರುಗಾದರೆ ಮೇಲಿನ ಪದರವು ಮೊದಲು ಬಿಗಿದು, ಕೆಳಗಿನದು ಅಲುಗಿದಾಗ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ತಾವೇ ಕಾದು ಹೊತ್ತಿಕೊಳ್ಳುವುದುಂಟು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡುವುದು ಕ್ಷೇಮ.

ಸುರಾಹಿಯ ಮೈಯನ್ನು ಮೆತ್ತನೆಯ ಕುಂಚದಿಂದ ನಯವಾಗಿ ಬರೆದೆನು. ಕಂಬಳಿಗೆ ಚಾಕುವಿನಿಂದ ದಪ್ಪ ಬಣ್ಣ ಮೆತ್ತಿ, ಕುಂಚದ ಹಿಂತುದಿಯಿಂದ ನೂಲು ನೂಲಾಗಿ ಕೆರೆದೆನು. ಬೆಳ್ಳಿಯನ್ನು ಬಿಳಿಯಿಂದಲ್ಲ, ಬೂದಿಬಣ್ಣದಿಂದ ತೋರಿಸಿ, ಕೊರಳ ಬಳಿ ಒಂದೇ ಒಂದು ಬಿಳಿ ಚುಕ್ಕೆ ಇಟ್ಟೆನು. ಕಿಟಕಿಯ ಬೆಳಕು ಹರಿದ ಅಂಚಿನ ಮೇಲೆ ಬೀಳುವಂತೆ ಮಾಡಿ, ಸುರಾಹಿಯನ್ನು ಅರೆನೆರಳಿಗೆ ಸರಿಸಿದೆನು. “ಇಷ್ಟು ಚೆಲುವಾದ ವಸ್ತುವನ್ನು ಹಿಂದಕ್ಕೇಕೆ ತಳ್ಳಿದೆಯಪ್ಪಾ?” ಎಂದು ಗುರುಗಳೊಬ್ಬರು ಕೇಳಿದರು. ಸುರಾಹಿಯ ಅಂದವನ್ನು ಅದರ ಕರ್ಮಿಯೇ ಮುಗಿಸಿಟ್ಟಿದ್ದಾನೆ, ಅದಕ್ಕೆ ನಾನು ಸೇರಿಸುವುದೇನೂ ಇಲ್ಲ. ಕಂಬಳಿಯಲ್ಲಿ ಮುತ್ಯಾನ ಹೆಗಲಿನ ಮಡಿಕೆ ಇನ್ನೂ ಉಳಿದಿದೆ, ಅದನ್ನು ಬರೆಯುವವರು ಬೇರೆ ಯಾರೂ ಇಲ್ಲ ಎಂದೆನು. ಅವರು ಒಪ್ಪಿದರೆಂದು ಹೇಳಲಾರೆ.

ದಪ್ಪ ಬಣ್ಣ ಪೂರ್ತಿ ಒಣಗಲು ತಿಂಗಳುಗಳೇ ಬೇಕು. ವಾರ್ನಿಷು ಆರು ತಿಂಗಳ ಮೇಲೆ. ಕಂಬಳಿಯನ್ನು ಮಾತ್ರ ಕೆಲಸ ಮುಗಿದ ವಾರವೇ ಔರಾದಿಗೆ ಒಯ್ದು ಅದೇ ಗೂಟಕ್ಕೆ ಹಾಕಿದೆನು. ಕೊಡುವಾಗಲೇ ಅವ್ವ ಹಾಗೆ ಹೇಳಿದ್ದಳು.