ತಂತಿಯ ತುದಿಯಲ್ಲಿರುವ ಊರು

ನಾಗಮಂಗಲದ ಕಡೆ ಬೋರ್‌ವೆಲ್ ನಂಬಿದ ರೈತ ಮೋಟಾರ್ ಹಾಕುವ ಮುಂಚೆ ಸ್ಟಾರ್ಟರ್ ಪೆಟ್ಟಿಗೆಯ ಓಲ್ಟೇಜ್ ಮುಳ್ಳು ನೋಡುತ್ತಾನೆ. ಅದು 400ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. 300ರ ಹತ್ತಿರಕ್ಕೆ ಇಳಿದಿದ್ದರೆ ಮೋಟಾರ್ ತಿಣುಕುತ್ತದೆ, ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಕಾಯಿಲ್ ಸುಟ್ಟರೆ ರಿವೈಂಡಿಂಗ್ ಖರ್ಚಿನ ಜೊತೆಗೆ ಬೆಳೆಯೂ ಒಣಗುತ್ತದೆ.

ನಾಗಮಂಗಲವಿರುವ ಮಂಡ್ಯ ಜಿಲ್ಲೆಗೆ ವಿದ್ಯುತ್ ಮಾರ್ಗ ಹೊಸದಲ್ಲ. ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಾಣುವ ಮುನ್ನವೇ, 1901ರಲ್ಲಿ ತೀರಿಕೊಂಡಿದ್ದರು. ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ಸಿಗಲಿ ಎಂಬುದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು.

ಕೋಲಾರದವರೆಗೆ ವಿದ್ಯುತ್ ಸಾಗಿಸಲು ಸಾಧ್ಯವಾದದ್ದು ಓಲ್ಟೇಜ್ ಏರಿಸಿದ್ದರಿಂದ. ಒಂದೇ ತಂತಿಯಲ್ಲಿ, ಅಷ್ಟೇ ವಿದ್ಯುತ್ತನ್ನು 11 ಕೆ.ವಿ. ಬದಲು 66 ಕೆ.ವಿ.ಯಲ್ಲಿ ಕಳಿಸಿದರೆ ಕರೆಂಟ್ ಆರನೇ ಒಂದು ಪಾಲಿಗೆ ಇಳಿಯುತ್ತದೆ; ತಂತಿ ಬಿಸಿಯಾಗಿ ಆಗುವ ನಷ್ಟ 36ನೇ ಒಂದು ಪಾಲಿಗೆ.

ಹಾಗಾಗಿ ಹಳ್ಳಿಯ ಕಡಿಮೆ ಓಲ್ಟೇಜ್‌ಗೆ ಪರಿಹಾರವೂ ಅಲ್ಲೇ ಇದೆ. 66 ಕೆ.ವಿ. ಸ್ಟೇಷನ್ ಹಳ್ಳಿಗೆ ಹತ್ತಿರ ಬಂದಷ್ಟೂ 11 ಕೆ.ವಿ. ಫೀಡರ್ ಗಿಡ್ಡವಾಗುತ್ತದೆ, ಕೊನೆಯ ಟ್ರಾನ್ಸ್‌ಫಾರ್ಮರ್‌ಗೂ ಓಲ್ಟೇಜ್ ಮುಟ್ಟುತ್ತದೆ. ಸ್ಟೇಷನ್ನಿಗೆ ಎರಡು ಕಡೆಯಿಂದ ಲೈನ್ ಇದ್ದರೆ, ಗಾಳಿಮಳೆಗೆ ಒಂದು ಕೆಟ್ಟಾಗ ಇನ್ನೊಂದು ಆಸರೆ. ಸ್ಟೇಷನ್‌ವರೆಗಿನ ಹೊಣೆ ವಿದ್ಯುತ್ ಪ್ರಸರಣ ನಿಗಮದ್ದು, ಅಲ್ಲಿಂದ ಮನೆ, ಪಂಪ್‌ಸೆಟ್‌ವರೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಒಂದು ಕಡೆ ಮಾತ್ರ ಸುಧಾರಿಸಿದರೆ ಸಾಲದು.

ಜಿಲ್ಲೆಯ ಎಲ್ಲ ತಾಲೂಕಿನ ಬೇಡಿಕೆ ಒಂದೇ ತೆರನಲ್ಲ. ಶ್ರೀರಂಗಪಟ್ಟಣಕ್ಕೆ ಪ್ರವಾಸಿಗರ ಓಡಾಟವಿದೆ. ಪಾಂಡವಪುರಕ್ಕೆ ನಾಲೆಯ ನೀರಿದೆ, ಸಕ್ಕರೆ ಕಾರ್ಖಾನೆಯಿದೆ. ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆಯಿದೆ. ನಾಗಮಂಗಲದ ಒಣಭೂಮಿಯಲ್ಲಿ ಬೋರ್‌ವೆಲ್‌ಗಳು ಚದುರಿವೆ. ಮನೆಗೂ ಪಂಪ್‌ಸೆಟ್ಟಿಗೂ ಬೇರೆ ಬೇರೆ ಫೀಡರ್ ಎಳೆಯುವ ನಿರಂತರ ಜ್ಯೋತಿ, ಸ್ಟೇಷನ್ ಪಕ್ಕದಲ್ಲೇ ಸೌರ ವಿದ್ಯುತ್ ಮಾಡಿ ಹಗಲಲ್ಲಿ ಪಂಪ್‌ಸೆಟ್ಟಿಗೆ ಕೊಡುವ ಕುಸುಮ್ ಯೋಜನೆ ಇಂಥ ಕಡೆ ಹೆಚ್ಚು ನೆರವಾಗಬಲ್ಲವು. ಹಗಲು ಕರೆಂಟ್ ಬಂದರೆ ರೈತ ರಾತ್ರಿ ಹಾವು ಹುಪ್ಪಟೆಯ ನಡುವೆ ನೀರು ಕಟ್ಟಲು ಹೋಗಬೇಕಿಲ್ಲ.

ಹೊಸ ಲೈನ್ ಎಳೆಯುವಾಗ ಕಷ್ಟವಿರುವುದು ಜಾಗದಲ್ಲಿ. 66 ಕೆ.ವಿ. ಮಾರ್ಗಕ್ಕೆ 18 ಮೀಟರ್ ಅಗಲದ ಪಟ್ಟಿ ಬೇಕು. ಆ ಪಟ್ಟಿಯಲ್ಲಿ ತೆಂಗು ಬೆಳೆಸುವಂತಿಲ್ಲ. ಹತ್ತಾರು ವರ್ಷ ಫಲ ಕೊಡುವ ಮರ ಕಳೆದುಕೊಳ್ಳುವವನು ಅಡ್ಡ ನಿಂತರೆ ಅದು ಹಟವಲ್ಲ, ಅನ್ನದ ಪ್ರಶ್ನೆ. ಟವರಿನ ಗುಂಡಿ ತೋಡುವ ಮೊದಲೇ ಆ ಮರಗಳ ಪರಿಹಾರ ಆತನ ಕೈ ಸೇರಬೇಕು.