ಹುಳಿಗೂ ಹಿತ್ತಾಳೆಗೂ ಏನು ನಂಟು?

ಹಬ್ಬ ಬಂತು ಅಂದರೆ ನಾವು ಹಿತ್ತಾಳೆ ದೀಪ, ತಾಮ್ರದ ಚೊಂಬು, ಬಿಂದಿಗೆ ಎಲ್ಲ ಹೊರಗೆ ತೆಗೆಯುತ್ತೇವೆ. ಅವು ಕಪ್ಪಗಾಗಿರುತ್ತವೆ. ಕೆಲವಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಆಗ ಏನು ಮಾಡುತ್ತೇವೆ? ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ನೀರು ಹಾಕಿ ತೊಳೆದರೆ ಸಾಕು, ಪಾತ್ರೆ ಫಳಫಳ ಹೊಳೆಯುತ್ತದೆ.

ಆದರೆ ಮನೆಯ ಹಿರಿಯರು ಇನ್ನೊಂದು ಮಾತೂ ಹೇಳುತ್ತಾರೆ. "ಕಲಾಯಿ ಇಲ್ಲದ ಪಾತ್ರೇಲಿ ಹುಳಿ ಕಾಯಿಸಬೇಡ. ಮಜ್ಜಿಗೆ ಇಡಬೇಡ. ಕಿಲುಬಾಗುತ್ತೆ" ಅಂತಾರೆ.

ತಿಕ್ಕುವುದಕ್ಕೆ ಹುಣಸೆಹಣ್ಣು ಬೇಕು. ಅಡುಗೆಗೆ ಮಾತ್ರ ಆ ಪಾತ್ರೆಯಲ್ಲಿ ಹುಣಸೆಹಣ್ಣು ಬೇಡ. ಇದು ಯಾಕೆ ಹೀಗೆ? ಎರಡಕ್ಕೂ ಕಾರಣ ಒಂದೇ. ಅದೇನು ಅಂತ ನಾವು ಈಗ ತಿಳಿಯೋಣ.

ಹುಳಿ ಅಂದರೆ ಏನು?

ಹುಳಿ ಇರುವ ಪದಾರ್ಥಗಳಲ್ಲಿ ಆಮ್ಲ ಇರುತ್ತದೆ. ಆಮ್ಲವನ್ನೇ ಇಂಗ್ಲಿಷಿನವರು ಆಸಿಡ್ ಅನ್ನುತ್ತಾರೆ. ಹುಣಸೆಹಣ್ಣಿನಲ್ಲಿ ಇರುವುದು ಟಾರ್ಟಾರಿಕ್ ಆಮ್ಲ. ನಿಂಬೆಹಣ್ಣಿನಲ್ಲಿ ಸಿಟ್ರಿಕ್ ಆಮ್ಲ. ಮೊಸರು, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ. ಇವು ಮೆದು ಆಮ್ಲಗಳು. ತಿಂದರೆ ತೊಂದರೆ ಇಲ್ಲ.

ಕೆಲವು ಆಮ್ಲಗಳು ಬಲು ಜೋರು. ಕಕ್ಕಸು ತೊಳೆಯಲು ಅಂಗಡಿಯಿಂದ ತರುವ ಆಸಿಡ್ ಅಂಥದು. ಅದು ಹೈಡ್ರೋಕ್ಲೋರಿಕ್ ಆಮ್ಲ. ಲಾರಿ, ಟ್ರಾಕ್ಟರ್ ಬ್ಯಾಟರಿಯಲ್ಲಿ ಇರುವುದು ಗಂಧಕಾಮ್ಲ. ಇವು ಚರ್ಮವನ್ನೇ ಸುಡುತ್ತವೆ.

ಮೆದುವಾಗಲಿ, ಜೋರಾಗಲಿ, ಆಮ್ಲಗಳ ಗುಣ ಒಂದೇ. ಅವು ಅನೇಕ ಲೋಹಗಳನ್ನು ಕರಗಿಸುತ್ತವೆ. ಕೆಲವು ಬೇಗ ಕರಗಿಸುತ್ತವೆ, ಕೆಲವು ನಿಧಾನ. ಅಷ್ಟೇ ವ್ಯತ್ಯಾಸ.

ಕಬ್ಬಿಣ ಒಂದು ಥರ, ತಾಮ್ರ ಒಂದು ಥರ

ಒಂದು ಗಾಜಿನ ಲೋಟಕ್ಕೆ ನಿಂಬೆರಸ ಹಿಂಡಿ. ಅದರಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿ ರಾತ್ರಿಯಿಡೀ ಬಿಡಿ. ಮೊಳೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಕಾಣಬಹುದು. ಅವು ಜಲಜನಕ ಎಂಬ ಅನಿಲದ ಗುಳ್ಳೆಗಳು. ಕಬ್ಬಿಣ ಸ್ವಲ್ಪ ಸ್ವಲ್ಪ ಕರಗಿ ರಸಕ್ಕೆ ಸೇರುತ್ತದೆ. ಆಮ್ಲದಲ್ಲಿದ್ದ ಜಲಜನಕ ಹೊರಗೆ ಬರುತ್ತದೆ. ಸತು ಎಂಬ ಲೋಹವಾದರೆ ಇನ್ನೂ ಬೇಗ ಕರಗುತ್ತದೆ. ನೋಡಿ ಆದ ಮೇಲೆ ಆ ರಸ ಚೆಲ್ಲಿಬಿಡಿ. ಕುಡಿಯಬೇಡಿ.

ತಾಮ್ರ ಹಾಗಲ್ಲ. ಹೊಳೆಯುವ ತಾಮ್ರವನ್ನು ಹುಳಿ ನೇರವಾಗಿ ಕರಗಿಸಲಾರದು. ಗುಳ್ಳೆಯೂ ಏಳುವುದಿಲ್ಲ. ಹಾಗಾದರೆ ಕಿಲುಬು ಹೇಗೆ ಬರುತ್ತದೆ?

ಇಲ್ಲಿ ಗಾಳಿಯ ಕೈವಾಡ ಇದೆ. ಗಾಳಿಯಲ್ಲಿ ಆಮ್ಲಜನಕ ಇದೆಯಲ್ಲವೇ? ಅದು ತಾಮ್ರದ ಜೊತೆ ಸೇರುತ್ತದೆ. ಪಾತ್ರೆಯ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ತೇವವೂ ಸೇರಿದರೆ ಕ್ರಮೇಣ ಹಸಿರು ಕಿಲುಬು ಆಗುತ್ತದೆ. ಈ ಪೊರೆ ಬರೀ ತಾಮ್ರ ಅಲ್ಲ. ತಾಮ್ರ ಬೇರೆ ವಸ್ತುವಿನೊಡನೆ ಕೂಡಿ ಆದದ್ದು. ಇಂಥದಕ್ಕೆ ತಾಮ್ರದ ಸಂಯುಕ್ತ ಅಂತ ಹೆಸರು.

ತಾಮ್ರವನ್ನು ಕರಗಿಸಲಾರದ ಹುಳಿ ಈ ಪೊರೆಯನ್ನು ಸುಲಭವಾಗಿ ಕರಗಿಸುತ್ತದೆ. ಪೊರೆ ಹೋದರೆ ಒಳಗಿನ ಹೊಸ ತಾಮ್ರ ಹೊಳೆಯುತ್ತದೆ. ಹುಣಸೆಹಣ್ಣು ತಿಕ್ಕಿದಾಗ ಆಗುವುದು ಇದೇ.

ಪಾತ್ರೆಯಲ್ಲಿ ಹುಳಿ ಇಟ್ಟಾಗಲೂ ಇದೇ ಆಗುತ್ತದೆ. ಗಾಳಿ ಪೊರೆ ಕಟ್ಟುತ್ತಾ ಹೋಗುತ್ತದೆ. ಹುಳಿ ಅದನ್ನು ಕರಗಿಸುತ್ತಾ ಹೋಗುತ್ತದೆ. ಇಟ್ಟಷ್ಟು ಹೊತ್ತೂ ಇದು ನಡೆಯುತ್ತಲೇ ಇರುತ್ತದೆ. ತಿಕ್ಕಿದಾಗ ಕರಗಿದ ತಾಮ್ರ ಬಚ್ಚಲಿಗೆ ಹೋಯಿತು. ಇಲ್ಲಿ ಅದು ನಮ್ಮ ಸಾರಿಗೆ ಬಂತು!

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಬೆರೆತ ಲೋಹ. ಆದ್ದರಿಂದ ಹಿತ್ತಾಳೆ ಪಾತ್ರೆಯಿಂದ ತಾಮ್ರವೂ ಬರುತ್ತದೆ, ಸತುವೂ ಬರುತ್ತದೆ.

ಹೊಟ್ಟೆಗೆ ಹೋದರೆ ಏನಾಗುತ್ತದೆ?

ನಮ್ಮ ಮೈಗೆ ತಾಮ್ರ ಬೇಕು. ಆದರೆ ಎಳ್ಳಷ್ಟು ಸಾಕು. ಹೆಚ್ಚಾದರೆ ಬಾಯಲ್ಲಿ ಒಗರು ಒಗರು ರುಚಿ. ಹೊಟ್ಟೆ ತೊಳಸುತ್ತದೆ, ವಾಂತಿ ಬರುತ್ತದೆ. ಹೊಟ್ಟೆನೋವು, ಭೇದಿಯೂ ಆಗಬಹುದು. ಮದುವೆ, ಜಾತ್ರೆಗಳಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಸಾರು ಮಾಡುತ್ತಾರೆ. ಕಲಾಯಿ ಸವೆದಿದ್ದರೆ, ಉಳಿದ ಸಾರನ್ನು ಅದರಲ್ಲೇ ಬಿಟ್ಟರೆ ಅಪಾಯ.

ಎಳೆ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಿಂದೆ ನಮ್ಮ ದೇಶದಲ್ಲಿ ಪುಟ್ಟ ಮಕ್ಕಳಿಗೆ ಲಿವರಿನ ಒಂದು ಕಾಯಿಲೆ ಬರುತ್ತಿತ್ತು. ಅನೇಕ ಮಕ್ಕಳು ಸಾಯುತ್ತಿದ್ದರು. ಪುಣೆಯ ಕಡೆ ವೈದ್ಯರು ಇದರ ಅಧ್ಯಯನ ಮಾಡಿದರು. 1983ರಲ್ಲಿ ಅವರ ವರದಿ ಬಂತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಇದಕ್ಕೆ ಕಾರಣ ಇರಬಹುದು ಅಂತ ಅವರು ತೋರಿಸಿದರು. ಹಾಲು ಹುಳಿ ಅಲ್ಲ, ನಿಜ. ಆದರೂ ಅದು ಪಾತ್ರೆಯ ತಾಮ್ರವನ್ನು ಎಳೆದುಕೊಳ್ಳುತ್ತದೆ. ಮನೆ ಮನೆಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಅಪರೂಪವಾಯಿತು.

ಹಾಗಾದರೆ ತಾಮ್ರದ ಚೊಂಬಿನ ನೀರು ಕುಡಿಯಬಾರದೇ? ಕುಡಿಯಬಹುದು. ಬರೀ ನೀರಿಗೆ ಬರುವ ತಾಮ್ರ ತುಂಬ ಕಡಿಮೆ. ಆದರೆ ಚೊಂಬು ಶುಚಿಯಾಗಿರಲಿ. ಆ ನೀರಿಗೆ ನಿಂಬೆಹಣ್ಣು ಮಾತ್ರ ಹಿಂಡಬೇಡಿ.

ಕಲಾಯಿ ಎಂಬ ಕಾವಲು

ನಮ್ಮ ಹಿಂದಿನವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಅದೇ ಕಲಾಯಿ. ಕಲಾಯಿಯವನು ಪಾತ್ರೆಯನ್ನು ಚೆನ್ನಾಗಿ ತಿಕ್ಕುತ್ತಾನೆ. ತಿದಿ ಒತ್ತಿ ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಾನೆ. ನವಸಾಗರದ ಪುಡಿ ಉದುರಿಸುತ್ತಾನೆ. ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯಂತೆ ಹೊಳಪು!

ನವಸಾಗರ ಯಾಕೆ ಹಾಕುತ್ತಾನೆ ಗೊತ್ತೇ? ಬಿಸಿ ತಾಗಿದಾಗ ನವಸಾಗರದಿಂದಲೂ ಆಮ್ಲ ಹೊರಡುತ್ತದೆ. ಅದು ತಾಮ್ರದ ಮೇಲಿನ ಪೊರೆಯನ್ನು ತೆಗೆದುಹಾಕುತ್ತದೆ. ಪೊರೆ ಇದ್ದರೆ ತವರ ಅಂಟುವುದಿಲ್ಲ. ಹುಣಸೆಹಣ್ಣು ಮಾಡುವ ಕೆಲಸವನ್ನೇ ನವಸಾಗರ ಬೆಂಕಿಯ ಮೇಲೆ ಮಾಡುತ್ತದೆ.

ಊಟದ ಹುಳಿಗೆ ತವರ ಬೇಗ ಕರಗುವುದಿಲ್ಲ. ಹುಳಿಗೂ ತಾಮ್ರಕ್ಕೂ ನಡುವೆ ಅದು ಗೋಡೆಯ ಹಾಗೆ ನಿಲ್ಲುತ್ತದೆ. ಕಲಾಯಿ ಸರಿಯಾಗಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ, ಇಟ್ಟ ಆಹಾರ ತಿನ್ನಲು ಯೋಗ್ಯವಲ್ಲ ಅಂತ 1955ರ ಆಹಾರ ಕಲಬೆರಕೆ ತಡೆ ನಿಯಮಗಳೇ ಹೇಳಿದ್ದವು.

ಕಲಾಯಿ ಸವೆದು ಒಳಗೆ ಕೆಂಪು, ಹಳದಿ ಬಣ್ಣ ಕಂಡರೆ ಮತ್ತೆ ಹಾಕಿಸಿ. ಒಂದು ವಿಷಯ ನೆನಪಿಡಿ. ತವರಕ್ಕೆ ಸೀಸ ಬೆರೆಸಿರಬಾರದು. ಸೀಸ ವಿಷ. ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. "ಶುದ್ಧ ತವರವೇನಪ್ಪಾ?" ಅಂತ ಕೇಳಿ, ಆಮೇಲೆ ಪಾತ್ರೆ ಕೊಡಿ.

ಯಾವ ಪಾತ್ರೆಗೆ ಏನು?

ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಅಥವಾ ಗಾಜಿನ ಬಾಟಲಿ ಒಳ್ಳೆಯದು. ಅವುಗಳಲ್ಲಿ ಹುಳಿ ಕರಗಿಸುವ ಲೋಹ ಇಲ್ಲ. ಹಳೆಯ ಜಾಡಿಯ ಒಳಗಿನ ಹೊಳಪು ಎದ್ದಿದ್ದರೆ ಅದು ಬೇಡ.

ಸ್ಟೀಲ್ ಪಾತ್ರೆಯಲ್ಲಿ ಸಾರು, ಹುಳಿ ಮಾಡಬಹುದು. ಸ್ಟೀಲಿನಲ್ಲಿ ಕ್ರೋಮಿಯಂ ಎಂಬ ಲೋಹ ಬೆರೆತಿದೆ. ಅದರ ಗಟ್ಟಿ ಪೊರೆ ಪಾತ್ರೆಯನ್ನು ಕಾಯುತ್ತದೆ. ಆದರೂ ತಿಂಗಳುಗಟ್ಟಲೆ ಉಪ್ಪಿನಕಾಯಿ ಇಡಲು ಅದು ತಕ್ಕದ್ದಲ್ಲ. ಉಪ್ಪು, ಹುಳಿ ಎರಡೂ ಸೇರಿದರೆ ಸ್ಟೀಲಿಗೂ ಕಷ್ಟವೇ.

ಅಲ್ಯುಮಿನಿಯಂ ಪಾತ್ರೆಗೂ ಒಂದು ಪೊರೆ ಇದೆ. ಅದನ್ನು ಹುಳಿ ಕರಗಿಸುತ್ತದೆ. ಅದಕ್ಕೇ ಹುಳಿ ಪದಾರ್ಥವನ್ನು ಅದರಲ್ಲಿ ರಾತ್ರಿಯಿಡೀ ಬಿಡಬೇಡಿ.

ಕಬ್ಬಿಣದ ಬಾಣಲೆಯ ಕಥೆ ಬೇರೆ. ಅದರಲ್ಲಿ ಹುಳಿ ಪಲ್ಯ ಮಾಡಿದರೆ ಸ್ವಲ್ಪ ಕಪ್ಪಾಗಬಹುದು. ಕಬ್ಬಿಣ ಕರಗಿ ಊಟಕ್ಕೆ ಸೇರಿದೆ ಅಂತ ಅರ್ಥ. ಇದು ಒಳ್ಳೆಯದೇ. ರಕ್ತ ಕಡಿಮೆ ಇರುವ ಹೆಂಗಸರಿಗೆ, ಮಕ್ಕಳಿಗೆ ಕಬ್ಬಿಣದ ಅಂಶ ಬೇಕು. ಆದರೆ ತುಕ್ಕು ಹಿಡಿದ ಬಾಣಲೆ ಬೇಡ. ಮಾಡಿದ್ದನ್ನು ಬೇಗ ಬೇರೆ ಪಾತ್ರೆಗೆ ತೆಗೆಯಿರಿ.

ಅಂಗಡಿಯ ಆಸಿಡ್ ಜೋಪಾನ!

ಕಕ್ಕಸಿನ ಬೇಸಿನ್ ಮೇಲೆ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ. ಆಸಿಡ್ ಹಾಕಿದರೆ ಅದು ಬುಸ್ ಅಂತ ನೊರೆ ಬಂದು ಹೋಗುತ್ತದೆ. ಆ ಕಲೆ ಸುಣ್ಣದ ಸಂಯುಕ್ತ. ಸಿಮೆಂಟ್ ನೆಲದಲ್ಲೂ ಸುಣ್ಣದ ಅಂಶವಿದೆ. ಅದಕ್ಕೇ ಆಸಿಡ್ ಬಿದ್ದರೆ ಸಿಮೆಂಟ್ ನೆಲ ಕಿತ್ತುಹೋಗುತ್ತದೆ.

ಈ ಆಸಿಡ್ ಅನ್ನು ತಗಡಿನ ಬಕೆಟ್ಟಿಗೆ ಸುರಿಯಬೇಡಿ. ತಗಡಿನ ಮೇಲೆ ಸತುವಿನ ಲೇಪ ಇರುತ್ತದೆ. ಜಲಜನಕ ಏಳುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಹಚ್ಚಿದರೆ ಅದು ಹೊತ್ತಿಕೊಳ್ಳುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಬೆರೆಸಲೇಬೇಡಿ. ಬೆರೆಸಿದರೆ ಕ್ಲೋರಿನ್ ಎಂಬ ವಿಷಗಾಳಿ ಬರುತ್ತದೆ. ಉಸಿರು ಕಟ್ಟುತ್ತದೆ.

ನೀರಿನ ಬಾಟಲಿ, ಸೋಡಾ ಬಾಟಲಿಯಲ್ಲಿ ಆಸಿಡ್ ತುಂಬಿಡಬೇಡಿ. ಮಕ್ಕಳು ನೀರು ಅಂತ ಕುಡಿದುಬಿಡುತ್ತಾರೆ. ಹಾಗೆ ಕುಡಿದರೆ ವಾಂತಿ ಮಾಡಿಸಬೇಡಿ. ಬಂದ ದಾರಿಯಲ್ಲೇ ಅದು ಮತ್ತೆ ಸುಡುತ್ತದೆ. ತಕ್ಷಣ ಆಸ್ಪತ್ರೆಗೆ ಓಡಿ. ಮೈಮೇಲೆ, ಕಣ್ಣಿಗೆ ಬಿದ್ದರೆ ಕಡಿಮೆ ಅಂದರೂ 20 ನಿಮಿಷ ಧಾರೆಯಾಗಿ ನೀರು ಹಾಕುತ್ತಲೇ ಇರಿ. ಆಮೇಲೆ ವೈದ್ಯರಿಗೆ ತೋರಿಸಿ.

ನಾವು ಏನು ಮಾಡೋಣ?

ಇಂದು ಅಡುಗೆಮನೆಗೆ ಹೋದಾಗ ಒಂದೊಂದೇ ಪಾತ್ರೆ ನೋಡಿ. ಮಜ್ಜಿಗೆ ಯಾವುದರಲ್ಲಿದೆ? ಉಪ್ಪಿನಕಾಯಿ ಯಾವುದರಲ್ಲಿದೆ? ಮಗುವಿನ ಹಾಲು ಯಾವುದರಲ್ಲಿ ಕಾಯುತ್ತದೆ? ಕಲಾಯಿ ಉಳಿದಿದೆಯೇ? ಆಸಿಡ್ ಬಾಟಲಿ ಮಕ್ಕಳ ಕೈಗೆ ಎಟುಕುತ್ತದೆಯೇ? ತಪ್ಪಿದ್ದರೆ ಇವತ್ತೇ ಸರಿಮಾಡಿ. ಪಕ್ಕದ ಮನೆಯವರಿಗೂ ಓದಿ ಹೇಳಿ.